ಮಾರಾಟವನ್ನೇ ಕಸುಬಾಗಿಸಿಕೊಂಡ ಸಂಸ್ಥೆ: ಅಮೆರಿಕದ ಅಕೋಸ್ಟಾ ಕುರಿತು ಒಂದು ಅಧ್ಯಯನ

ಸರಕನ್ನು ತಯಾರಿಸುವುದರಲ್ಲಿ ನಿಪುಣರಾದ ಸಣ್ಣ ಉದ್ದಿಮೆದಾರರು ಅದನ್ನು ಮಾರುವುದರಲ್ಲಿಯೂ ಅಷ್ಟೇ ನಿಪುಣರಾಗಿರುವುದು ಅಪರೂಪ. ಉಪ್ಪಿನಕಾಯಿ, ಅಗರಬತ್ತಿ, ಮಸಾಲೆ ಪುಡಿ, ಬಿಸ್ಕತ್ತು ಹೀಗೆ ಯಾವುದೇ ಸರಕಾಗಲಿ, ತನ್ನ ಊರಿನ ಐವತ್ತು ಅಂಗಡಿಗಳಿಗೆ ಮಾಲು ಮುಟ್ಟಿಸುತ್ತಿರುವ ತಯಾರಕನು ಐದು ಜಿಲ್ಲೆಗಳ ಐನೂರು ಅಂಗಡಿಗಳನ್ನು ತಲುಪಲು ಇಚ್ಛಿಸಿದೊಡನೆ ಅವನ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಸ್ವಂತ ಮಾರಾಟ ಪ್ರತಿನಿಧಿಗಳನ್ನು ನೇಮಿಸಿಕೊಳ್ಳುವುದು ಮೊದಲನೆಯದು. ಆಗ ಮಾಲು ಹೋಗಲಿ ಬಿಡಲಿ, ತಿಂಗಳ ಒಂದನೆಯ ತಾರೀಖು ಸಂಬಳವನ್ನು ಕೊಡಲೇಬೇಕು. ಆಯಾ ಪ್ರದೇಶದ ಅಂಗಡಿಕಾರರನ್ನು ಬಲ್ಲ ಏಜೆಂಟನಿಗೆ ಕಮಿಷನ್ ಆಧಾರದ ಮೇಲೆ ಕೆಲಸ ವಹಿಸುವುದು ಎರಡನೆಯದು. ಆಗ ಮಾರಾಟವಾದರೆ ಮಾತ್ರ ಖರ್ಚು. ಲೆಕ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ತಯಾರಕನು ತನ್ನ ಸ್ಥಿರ ವೆಚ್ಚವೊಂದನ್ನು ಚಲ ವೆಚ್ಚವನ್ನಾಗಿ ಪರಿವರ್ತಿಸಿಕೊಳ್ಳುತ್ತಾನೆ. ಆ ಸ್ಥಿರ ವೆಚ್ಚ ಮಾಯವಾಗುವುದಿಲ್ಲ. ಅದು ಏಜೆಂಟನ ಪುಸ್ತಕಕ್ಕೆ ವರ್ಗವಾಗುತ್ತದೆ ಅಷ್ಟೆ. ಈ ಸಂಗತಿಯನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ವಿವರಗಳೆಲ್ಲ ಇದರ ಮೇಲೆಯೇ ನಿಂತಿವೆ.

ಈ ಎರಡನೆಯ ದಾರಿಯನ್ನು ಒಂದು ಬೃಹತ್ ಉದ್ಯಮವನ್ನಾಗಿ ಬೆಳೆಸಿದ ಸಂಸ್ಥೆಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ನಗರದ ಅಕೋಸ್ಟಾ ಪ್ರಮುಖವಾದುದು. ಸ್ವಂತ ಕಾರ್ಖಾನೆಯಾಗಲಿ ಸ್ವಂತ ಬ್ರಾಂಡಾಗಲಿ ಇಲ್ಲದೆ, ಪರರ ಸರಕನ್ನು ಪರರ ಅಂಗಡಿಗಳಲ್ಲಿ ಮಾರಿಸಿಕೊಡುವುದನ್ನೇ ಕಸುಬಾಗಿಸಿಕೊಂಡು ಅದು ಒಂದು ಊರಿನ ದಲ್ಲಾಳಿ ಅಂಗಡಿಯಿಂದ ರಾಷ್ಟ್ರವ್ಯಾಪಿ ಸಂಸ್ಥೆಯಾಗಿ ಬೆಳೆಯಿತು. ಮಾರಾಟಗಾರರೇ ಮಾಲೀಕರಾಗಿದ್ದ ಹಲವು ಪ್ರಾದೇಶಿಕ ಸಂಸ್ಥೆಗಳು ಒಂದುಗೂಡಿ ದುಡಿದದ್ದು ಅದರ ಏಳಿಗೆಗೆ ಕಾರಣವಾಯಿತು. ಆ ಏಳಿಗೆಯ ಮೇಲೆ ಹೇರಿದ ಸಾಲ ಅದನ್ನು 2019ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿಸಿತು. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಪರಿಶೀಲಿಸುವುದು ಏಜೆನ್ಸಿ ವ್ಯವಹಾರದಲ್ಲಿರುವ ವರ್ತಕರಿಗೂ, ಏಜೆಂಟರನ್ನು ಅವಲಂಬಿಸಿರುವ ತಯಾರಕರಿಗೂ ಉಪಯುಕ್ತ.

ಆಹಾರ ದಲ್ಲಾಳಿ ಎಂಬ ವೃತ್ತಿ

ಅಮೆರಿಕದಲ್ಲಿ ಈ ವೃತ್ತಿಗೆ ಆಹಾರ ದಲ್ಲಾಳಿ ಎಂದೇ ಹೆಸರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡಬ್ಬಿಗಟ್ಟಿದ ಹಣ್ಣು, ತರಕಾರಿ ಮತ್ತು ಮೀನಿನ ಕಾರ್ಖಾನೆಗಳು ಪಶ್ಚಿಮ ಕರಾವಳಿಯಲ್ಲಿ ತಲೆಯೆತ್ತಿದವು. ಗಿರಾಕಿಗಳು ಮಾತ್ರ ಮೂರು ಸಾವಿರ ಮೈಲಿ ದೂರದ ಪೂರ್ವದ ನಗರಗಳಲ್ಲಿದ್ದರು. ವರ್ಷದಲ್ಲಿ ಕೆಲವೇ ತಿಂಗಳು ನಡೆಯುವ ಕಾರ್ಖಾನೆಯು ವರ್ಷಪೂರ್ತಿ ಸಂಬಳದ ಮಾರಾಟಗಾರರನ್ನು ದೂರದ ಊರುಗಳಲ್ಲಿ ಇಟ್ಟುಕೊಳ್ಳಲು ಸಾಧ್ಯವಿರಲಿಲ್ಲ. ಹೀಗೆ ಹತ್ತಾರು ಕಾರ್ಖಾನೆಗಳ ಪರವಾಗಿ ಒಂದೇ ಊರಿನಲ್ಲಿ ಆರ್ಡರು ಹಿಡಿಯುವ ದಲ್ಲಾಳಿಗಳು ಹುಟ್ಟಿಕೊಂಡರು. 1904ರ ವೇಳೆಗೆ ಅವರಿಗೆ ತಮ್ಮದೇ ರಾಷ್ಟ್ರೀಯ ಸಂಘವಿತ್ತು.

ಈ ದಲ್ಲಾಳಿಯು ಮಾಲನ್ನು ತಾನು ಕೊಳ್ಳುವುದಿಲ್ಲ, ಗೋದಾಮಿನಲ್ಲಿ ಇಡುವುದಿಲ್ಲ, ತನ್ನ ಹೆಸರಿನಲ್ಲಿ ಬಿಲ್ಲು ಹಾಕುವುದೂ ಇಲ್ಲ. ಬಿಲ್ಲು ತಯಾರಕನದು, ಹಣ ಹೋಗುವುದೂ ತಯಾರಕನಿಗೆ. ಆರ್ಡರು ತಂದುಕೊಟ್ಟದ್ದಕ್ಕಾಗಿ ಮಾರಾಟ ಮೌಲ್ಯದ ಸಾಮಾನ್ಯವಾಗಿ ಶೇಕಡಾ 3ರಿಂದ 5ರಷ್ಟು ಕಮಿಷನ್ ಮಾತ್ರ ದಲ್ಲಾಳಿಯದು. ನಮ್ಮ ವಿತರಕರಿಗೂ ಇವರಿಗೂ ಇರುವ ವ್ಯತ್ಯಾಸ ಇದೇ. ನಮ್ಮಲ್ಲಿ ಜಿಎಸ್‌ಟಿ ದೃಷ್ಟಿಯಿಂದಲೂ ಈ ವ್ಯತ್ಯಾಸ ಮುಖ್ಯವಾದುದು. ಗಿರಾಕಿಗೆ ಬಿಲ್ಲನ್ನು ಏಜೆಂಟನು ತನ್ನ ಹೆಸರಿನಲ್ಲಿ ಕೊಡುತ್ತಾನೆಯೇ ಅಥವಾ ತಯಾರಕನ ಹೆಸರಿನಲ್ಲಿಯೇ ಎಂಬುದೇ ನಿರ್ಣಾಯಕ ಒರೆಗಲ್ಲು ಎಂದು 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು ಸುತ್ತೋಲೆಯ ಮೂಲಕ ಸ್ಪಷ್ಟಪಡಿಸಿದೆ.

ದೊಡ್ಡ ಸರಪಳಿ ಮಳಿಗೆಗಳಿಗೆ ಈ ದಲ್ಲಾಳಿಗಳು ಕಣ್ಣುರಿಯಾಗಿದ್ದರು. 1930ರ ಸುಮಾರಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ಹೊಂದಿದ್ದ ಎ ಅಂಡ್ ಪಿ ಎಂಬ ಸಂಸ್ಥೆಯು, ತಾನು ನೇರವಾಗಿಯೇ ಕೊಳ್ಳುವುದರಿಂದ ದಲ್ಲಾಳಿಯ ಕಮಿಷನ್ ತನಗೇ ಸಲ್ಲಬೇಕೆಂದು ತಯಾರಕರಿಂದ ವಸೂಲು ಮಾಡುತ್ತಿತ್ತು. ಸಣ್ಣ ಅಂಗಡಿಕಾರರಿಗೆ ಈ ರಿಯಾಯಿತಿ ದೊರೆಯುತ್ತಿರಲಿಲ್ಲ. 1936ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ರಾಬಿನ್ಸನ್-ಪ್ಯಾಟ್ಮನ್ ಕಾಯ್ದೆಯು, ಕೊಳ್ಳುವವನಿಗೆ ದಲ್ಲಾಳಿ ಹಣವನ್ನು ಕೊಡುವುದನ್ನು ನಿಷೇಧಿಸಿತು. ಎ ಅಂಡ್ ಪಿ ಇದನ್ನು ಪ್ರಶ್ನಿಸಿತಾದರೂ 1939ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಸ್ವತಂತ್ರ ದಲ್ಲಾಳಿಯ ವೃತ್ತಿ ಉಳಿದದ್ದು ಅವನ ಚಾಕಚಕ್ಯತೆಯಿಂದ ಮಾತ್ರವಲ್ಲ, ಈ ಕಾನೂನಿನ ಆಸರೆಯಿಂದಲೂ ಹೌದು. ಉದ್ಯಮಶೀಲತೆಯ ಯಶೋಗಾಥೆಗಳಲ್ಲಿ ಇಂತಹ ಆಸರೆಗಳ ಪ್ರಸ್ತಾಪ ವಿರಳವಾಗಿ ಬರುತ್ತದೆ.

ಜಾಕ್ಸನ್‌ವಿಲ್‌ನ ಆರಂಭ

ಎಲ್. ಟಿ. ಅಕೋಸ್ಟಾ ಅವರು ತಮ್ಮ ಹೆಸರಿನ ದಲ್ಲಾಳಿ ಸಂಸ್ಥೆಯನ್ನು ಜಾಕ್ಸನ್‌ವಿಲ್‌ನಲ್ಲಿ 1927ರಲ್ಲಿ ಸ್ಥಾಪಿಸಿದರು. ಸ್ಥಳದ ಆಯ್ಕೆ ಅನುಕೂಲಕರವಾಗಿಯೇ ಇತ್ತು. ಬಂದರು ಮತ್ತು ರೈಲುಮಾರ್ಗಗಳು ಕೂಡುವ ಆ ನಗರವು ಫ್ಲಾರಿಡಾಕ್ಕೆ ಬರುವ ಸರಕಿನ ಹೆಬ್ಬಾಗಿಲಾಗಿತ್ತು. 1944ರಲ್ಲಿ ಡೇವಿಸ್ ಸಹೋದರರು ತಮ್ಮ ಕಿರಾಣಿ ಮಳಿಗೆಗಳ ಪ್ರಧಾನ ಕಚೇರಿಯನ್ನು ಅದೇ ನಗರಕ್ಕೆ ತಂದರು. ಮುಂದೆ ವಿನ್-ಡಿಕ್ಸಿ ಎಂಬ ಹೆಸರಿನಿಂದ ಆಗ್ನೇಯ ರಾಜ್ಯಗಳಲ್ಲೆಲ್ಲ ಹರಡಿದ ಸರಪಳಿ ಇದೇ. ನೂರಾರು ಮಳಿಗೆಗಳಿಗೆ ಏನನ್ನು ಕೊಳ್ಳಬೇಕೆಂದು ನಿರ್ಧರಿಸುವ ಖರೀದಿ ಅಧಿಕಾರಿಗಳು ಒಂದೇ ಊರಿನಲ್ಲಿದ್ದಾಗ, ಅದೇ ಊರಿನ ದಲ್ಲಾಳಿಯ ಪರಿಚಯಕ್ಕೆ ಎಷ್ಟು ಬೆಲೆಯೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೂ ಸಂಸ್ಥೆಯು ಮೊದಲ ಅರ್ಧ ಶತಮಾನದಲ್ಲಿ ಪ್ರಾದೇಶಿಕವಾಗಿಯೇ ಉಳಿಯಿತು. ಇದನ್ನು ನಿಧಾನಗತಿ ಎಂದು ಹೀಗಳೆಯುವುದು ಸರಿಯಲ್ಲ. ಆ ಕಾಲದ ಕಿರಾಣಿ ವ್ಯಾಪಾರವೇ ಪ್ರಾದೇಶಿಕವಾಗಿತ್ತು. ಫ್ಲಾರಿಡಾದ ದಲ್ಲಾಳಿಗೆ ಷಿಕಾಗೋದ ಅಂಗಡಿಗಳಲ್ಲಿ ಕೆಲಸವಿರಲಿಲ್ಲ. ಷಿಕಾಗೋದ ದಲ್ಲಾಳಿಗೆ ಫ್ಲಾರಿಡಾದಲ್ಲಿ ಪರಿಚಯವಿರಲಿಲ್ಲ. ತಯಾರಕನು ಇಡೀ ದೇಶಕ್ಕೆ ಹತ್ತಾರು ದಲ್ಲಾಳಿಗಳನ್ನು ಇಟ್ಟುಕೊಂಡು ಅವರೆಲ್ಲರೊಡನೆ ಪ್ರತ್ಯೇಕ ಪತ್ರವ್ಯವಹಾರ ನಡೆಸುತ್ತಿದ್ದನು.

ಮಾರುಕಟ್ಟೆ ಬದಲಾದಾಗ

ಈ ವ್ಯವಸ್ಥೆಯನ್ನು ಅಲುಗಿಸಿದ್ದು ದಲ್ಲಾಳಿಗಳ ನಡುವಿನ ಸ್ಪರ್ಧೆಗಿಂತ ಹೆಚ್ಚಾಗಿ ಕೊಳ್ಳುವವರ ಗಾತ್ರ. 1974ರ ಜೂನ್ 26ರಂದು ಓಹಿಯೋ ರಾಜ್ಯದ ಟ್ರಾಯ್ ಪಟ್ಟಣದ ಮಳಿಗೆಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಮೇಲಿನ ಬಾರ್‌ಕೋಡನ್ನು ಮೊದಲ ಬಾರಿಗೆ ಯಂತ್ರ ಓದಿತು. ಯಾವ ಸರಕು ಎಲ್ಲಿ ಎಷ್ಟು ಮಾರಾಟವಾಗುತ್ತಿದೆಯೆಂದು ತಿಳಿಯಲು ಅಲ್ಲಿಯವರೆಗೆ ತಯಾರಕನು ದಲ್ಲಾಳಿಯ ಮಾತನ್ನು ನಂಬಬೇಕಿತ್ತು. ಅಲ್ಲಿಂದ ಮುಂದೆ ಅಂಗಡಿಯ ಯಂತ್ರವೇ ಹೇಳತೊಡಗಿತು. 1988ರಲ್ಲಿ ವಾಲ್‌ಮಾರ್ಟ್ ತನ್ನ ಮೊದಲ ಸೂಪರ್‌ಸೆಂಟರನ್ನು ತೆರೆದು ಕಿರಾಣಿ ವ್ಯಾಪಾರಕ್ಕೆ ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟಿತು. ಅದೇ ಕಾಲದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು ವಾಲ್‌ಮಾರ್ಟ್‌ಗೆಂದೇ ಮಾರಾಟ, ಸಾಗಣೆ, ಲೆಕ್ಕಪತ್ರ ಮತ್ತು ಕಂಪ್ಯೂಟರ್ ವಿಭಾಗಗಳ ಜನರನ್ನೊಳಗೊಂಡ ಒಂದು ತಂಡವನ್ನು ರಚಿಸಿ, ಆ ಸಂಸ್ಥೆಯ ಪ್ರಧಾನ ಕಚೇರಿಯ ಸಮೀಪದಲ್ಲಿಯೇ ನೆಲೆಗೊಳಿಸಿತು. ಒಬ್ಬ ಮಾರಾಟಗಾರ ಒಬ್ಬ ಖರೀದಿ ಅಧಿಕಾರಿಯನ್ನು ಕಾಣುವ ಹಳೆಯ ಪದ್ಧತಿಯ ಬದಲಿಗೆ ತಂಡವು ತಂಡದೊಡನೆ ವ್ಯವಹರಿಸುವ ಪದ್ಧತಿ ಹೀಗೆ ಬಂದಿತು. 1999ರಲ್ಲಿ ಕ್ರೋಗರ್ ಸಂಸ್ಥೆಯು ಫ್ರೆಡ್ ಮೇಯರನ್ನೂ, ಆಲ್ಬರ್ಟ್‌ಸನ್ಸ್ ಸಂಸ್ಥೆಯು ಅಮೆರಿಕನ್ ಸ್ಟೋರ್ಸನ್ನೂ ಕೊಂಡವು.

ಇದರ ಪರಿಣಾಮವನ್ನು ಪ್ರಾದೇಶಿಕ ದಲ್ಲಾಳಿಯ ಸ್ಥಾನದಲ್ಲಿ ನಿಂತು ಊಹಿಸಬೇಕು. ಮೂವತ್ತು ವರ್ಷ ಪರಿಚಯವಿದ್ದ ಸ್ಥಳೀಯ ಸರಪಳಿಯ ಖರೀದಿ ಕಚೇರಿ ಒಂದು ದಿನ ಮುಚ್ಚುತ್ತದೆ. ನಿರ್ಧಾರಗಳು ಬೇರೊಂದು ರಾಜ್ಯಕ್ಕೆ ಹೋಗುತ್ತವೆ. ಇತ್ತ ತಯಾರಕನೂ ಐವತ್ತು ದಲ್ಲಾಳಿಗಳ ಬದಲು ಒಬ್ಬನೇ ಸಾಕೆನ್ನುತ್ತಾನೆ. ಆ ಒಬ್ಬನು ತಾನಾಗುವ ಶಕ್ತಿ ಯಾವ ಪ್ರಾದೇಶಿಕ ಸಂಸ್ಥೆಗೂ ಇರಲಿಲ್ಲ.

ಅಕೋಸ್ಟಾ ಮುಂದಾದದ್ದು ಇಲ್ಲಿ. 1983ರಲ್ಲಿ ಸಂಸ್ಥೆಯನ್ನು ಸೇರಿದ ಗ್ಯಾರಿ ಚಾರ್ಟ್‌ರಾಂಡ್ ಅವರು ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಕಾಲದಲ್ಲಿ, 1990ರ ದಶಕದ ಕೊನೆಯ ವರ್ಷಗಳಲ್ಲಿ, ಮಧ್ಯಪಶ್ಚಿಮದ ಪಿಎಂಐ-ಐಸೆನ್‌ಹಾರ್ಟ್, ಪಶ್ಚಿಮ ಕರಾವಳಿಯ ಕೆಲ್ಲಿ-ಕ್ಲಾರ್ಕ್ ಮೊದಲಾದ ದೊಡ್ಡ ಪ್ರಾದೇಶಿಕ ಸಂಸ್ಥೆಗಳು ಅಕೋಸ್ಟಾದೊಡನೆ ಕೂಡಿಕೊಂಡವು. ದೇಶದ ಮೂಲೆಮೂಲೆಯಲ್ಲೂ ಸಿಬ್ಬಂದಿಯುಳ್ಳ ಮಾರಾಟ ಸಂಸ್ಥೆಯೊಂದು ಹೀಗೆ ರೂಪುಗೊಂಡಿತು.

ಕೂಡಿ ದುಡಿಯುವುದರ ತೊಡಕುಗಳು

ಕಾರ್ಖಾನೆಗಳ ವಿಲೀನಕ್ಕಿಂತ ಮಾರಾಟ ಸಂಸ್ಥೆಗಳ ವಿಲೀನ ಕಠಿಣ. ಕಾರ್ಖಾನೆಯಲ್ಲಿ ಯಂತ್ರವಾದರೂ ಕೈಗೆ ಸಿಗುತ್ತದೆ. ಇಲ್ಲಿ ಇರುವ ಆಸ್ತಿ ಎರಡೇ: ಸಂಬಂಧಗಳನ್ನು ಹೊಂದಿರುವ ಜನರು ಮತ್ತು ತಯಾರಕರೊಡನೆ ಇರುವ ಒಪ್ಪಂದಗಳು. ಜನರು ರಾಜೀನಾಮೆ ಕೊಟ್ಟು ಹೋಗಬಹುದು. ಒಪ್ಪಂದಗಳನ್ನಂತೂ ಈ ವೃತ್ತಿಯಲ್ಲಿ ಮೂವತ್ತು ದಿನಗಳ ನೋಟೀಸಿನ ಮೇಲೆ ಮುರಿಯುವ ರೂಢಿಯಿತ್ತು.

ಇನ್ನೊಂದು ತೊಡಕು ಸ್ಪರ್ಧಿ ಸರಕುಗಳದು. ಒಂದೇ ದಲ್ಲಾಳಿಯು ಎರಡು ಪರಸ್ಪರ ಸ್ಪರ್ಧಿ ಸರಕುಗಳನ್ನು ಪ್ರತಿನಿಧಿಸುವಂತಿಲ್ಲವೆಂಬುದು ಈ ವೃತ್ತಿಯ ಮೂಲ ನಿಯಮ. ಫ್ಲಾರಿಡಾದ ಸಂಸ್ಥೆ ಒಂದು ಟೊಮೆಟೊ ಸಾಸನ್ನೂ, ಷಿಕಾಗೋದ ಸಂಸ್ಥೆ ಅದರ ಎದುರಾಳಿಯನ್ನೂ ಮಾರುತ್ತಿದ್ದಾಗ ಅಡ್ಡಿಯಿರಲಿಲ್ಲ. ಇಬ್ಬರೂ ಒಂದಾದೊಡನೆ ಒಂದು ಸಾಸನ್ನು ಬಿಡಲೇಬೇಕು. ಯಾರು ಯಾವುದನ್ನು ಬಿಡಬೇಕು? ಬಿಟ್ಟ ಕಮಿಷನ್ನಿನ ನಷ್ಟ ಯಾರ ತಲೆಗೆ? ತಮ್ಮ ತಂದೆಯ ಕಾಲದಿಂದ ಬಂದ ತಯಾರಕನನ್ನು ಕೈಬಿಡುವಂತೆ ಒಬ್ಬ ಮಾಲೀಕನನ್ನು ಒಪ್ಪಿಸುವುದು ಯಾವ ಮಾರಾಟಕ್ಕಿಂತಲೂ ಕಷ್ಟದ ಕೆಲಸ. ವಿಲೀನದಿಂದ ಒಂದು ಮತ್ತೊಂದು ಕೂಡಿದರೆ ಎರಡಾಗುವುದಿಲ್ಲ, ಒಂದೂವರೆಯಾಗುತ್ತದೆ. ಆ ಕೊರತೆಯನ್ನು ಹೊಸ ರಾಷ್ಟ್ರೀಯ ಒಪ್ಪಂದಗಳಿಂದ ತುಂಬಿಕೊಳ್ಳಬೇಕು. ಅಮೆರಿಕದಲ್ಲಿ ಕೊನೆಗೆ ಒಂದೇ ಸಂಸ್ಥೆ ಉಳಿಯದೆ ಅಕೋಸ್ಟಾ, ಕ್ಯಾಲಿಫೋರ್ನಿಯದಲ್ಲಿ 1987ರಲ್ಲಿ ಹುಟ್ಟಿದ ಅಡ್ವಾಂಟೇಜ್ ಮತ್ತು ಟೆಕ್ಸಾಸಿನ ಕ್ರಾಸ್‌ಮಾರ್ಕ್ ಎಂಬ ಮೂರು ದೊಡ್ಡ ಸಂಸ್ಥೆಗಳು ಉಳಿದದ್ದಕ್ಕೆ ಈ ನಿಯಮವೂ ಒಂದು ಕಾರಣವಾಗಿರಬೇಕು. ಎದುರಾಳಿ ತಯಾರಕರಿಗೆ ಎದುರಾಳಿ ದಲ್ಲಾಳಿ ಬೇಕಲ್ಲವೇ!

ಎಲ್ಲರೂ ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಇದೇ ಕಾಲದಲ್ಲಿ, 1999ರಲ್ಲಿ, ಮರ್ಕರ್ಟ್ ಅಮೆರಿಕನ್ ಮತ್ತು ರಿಚ್‌ಮಾಂಟ್ ಮಾರ್ಕೆಟಿಂಗ್ ಸ್ಪೆಷಲಿಸ್ಟ್ಸ್ ಎಂಬ ಎರಡು ದೊಡ್ಡ ಸಂಸ್ಥೆಗಳು ಕೂಡಿ ಮಾರ್ಕೆಟಿಂಗ್ ಸ್ಪೆಷಲಿಸ್ಟ್ಸ್ ಎಂಬ ಷೇರುಪೇಟೆಯ ಕಂಪನಿಯಾದವು. ಅದು ಸಾಲದ ಹಣದಿಂದ ಪ್ರಾದೇಶಿಕ ದಲ್ಲಾಳಿಗಳನ್ನು ಕೊಳ್ಳುತ್ತಾ ಸಾಗಿ, 2001ರಲ್ಲಿ ದಿವಾಳಿಯಾಯಿತು. ದಲ್ಲಾಳಿ ಸಂಸ್ಥೆಯನ್ನು ಕೊಂಡಾಗ ಕೈಗೆ ಬರುವುದು ನೋಟೀಸಿನ ಮೇಲೆ ಕೊನೆಗೊಳ್ಳಬಹುದಾದ ಒಪ್ಪಂದಗಳು. ಅವುಗಳಿಗಾಗಿ ಮಾಡಿದ ಸಾಲಕ್ಕೆ ಮಾತ್ರ ಅಂತಹ ನೋಟೀಸು ಇರುವುದಿಲ್ಲ. ಹದಿನೆಂಟು ವರ್ಷಗಳ ನಂತರ ಅಕೋಸ್ಟಾಕ್ಕೆ ಒದಗಿದ ಪರಿಸ್ಥಿತಿಯ ಮುನ್ಸೂಚನೆ ಈ ಪ್ರಕರಣದಲ್ಲಿಯೇ ಇತ್ತು.

ನಮ್ಮ ದೇಶದ ಏಜೆಂಟರಿಗೆ ಇಲ್ಲೊಂದು ಮಾತು ಅನ್ವಯಿಸುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 205ನೆಯ ಕಲಮಿನ ಪ್ರಕಾರ, ನಿರ್ದಿಷ್ಟ ಅವಧಿಗೆಂದು ಒಪ್ಪಿದ ಏಜೆನ್ಸಿಯನ್ನು ತಕ್ಕ ಕಾರಣವಿಲ್ಲದೆ ನಡುವೆಯೇ ರದ್ದುಗೊಳಿಸಿದರೆ ಪರಿಹಾರ ಕೊಡಬೇಕಾಗುತ್ತದೆ. 206ನೆಯ ಕಲಮು ಸಮಂಜಸವಾದ ನೋಟೀಸನ್ನು ಅಪೇಕ್ಷಿಸುತ್ತದೆ. ಆದರೆ ಅವಧಿಯನ್ನೇ ನಮೂದಿಸದ, ಅನೇಕ ವೇಳೆ ಕಾಗದವೇ ಇಲ್ಲದ, ಬಾಯಿಮಾತಿನ ಏಜೆನ್ಸಿಗಳು ನಮ್ಮಲ್ಲಿ ಸರ್ವೇಸಾಮಾನ್ಯ. ಅಂತಹವರಿಗೆ 205ನೆಯ ಕಲಮಿನ ರಕ್ಷಣೆಯನ್ನು ಕೇಳುವುದು ಸುಲಭವಲ್ಲ. ಹೊಸ ಪ್ರದೇಶವೊಂದನ್ನು ಐದು ವರ್ಷ ಶ್ರಮಪಟ್ಟು ಬೆಳೆಸಿದ ಏಜೆಂಟನು ಆರನೆಯ ವರ್ಷ ಅದನ್ನು ಕಳೆದುಕೊಂಡಾಗ ಕೈಯಲ್ಲಿ ಒಂದು ಪತ್ರವೂ ಇರುವುದಿಲ್ಲ.

ತಂಡವು ನಡೆಸುವ ಕೆಲಸ

ಮಾರಾಟವೆಂದರೆ ಆರ್ಡರು ಹಿಡಿಯುವುದು ಎಂಬ ತಿಳಿವಳಿಕೆಯನ್ನು ಈ ಸಂಸ್ಥೆಗಳು ಬಹಳ ಹಿಂದೆಯೇ ಬಿಟ್ಟಿವೆ. ಅವುಗಳ ಕೆಲಸ ಮೂರು ಕಡೆ ನಡೆಯುತ್ತದೆ. ಸರಪಳಿ ಮಳಿಗೆಯ ಪ್ರಧಾನ ಕಚೇರಿಯಲ್ಲಿ ಹಿರಿಯ ಮಾರಾಟಗಾರನು ಹೊಸ ಸರಕನ್ನು ಪಟ್ಟಿಗೆ ಸೇರಿಸಲು, ರಿಯಾಯಿತಿ ವಾರವನ್ನು ನಿಗದಿಪಡಿಸಲು, ಶೆಲ್ಫಿನಲ್ಲಿ ಕಣ್ಣಿನ ಮಟ್ಟದ ಜಾಗವನ್ನು ಪಡೆಯಲು ಮಾತುಕತೆ ನಡೆಸುತ್ತಾನೆ. ಅವನ ಬೆನ್ನಿಗೆ ಬಾರ್‌ಕೋಡ್ ಅಂಕಿಅಂಶಗಳನ್ನು ವಿಶ್ಲೇಷಿಸುವವರಿರುತ್ತಾರೆ. ತನ್ನ ಸರಕಿನ ಗುಣಗಾನಕ್ಕಿಂತ, ಈ ಸರಕನ್ನಿಟ್ಟರೆ ನಿಮ್ಮ ಇಡೀ ವಿಭಾಗದ ವ್ಯಾಪಾರ ಎಷ್ಟು ಹೆಚ್ಚುತ್ತದೆಂದು ತೋರಿಸುವುದು ಹೆಚ್ಚು ಫಲಕಾರಿಯೆಂದು ಈ ವೃತ್ತಿ ಕಂಡುಕೊಂಡಿದೆ.

ಎರಡನೆಯದು ಮಳಿಗೆಯೊಳಗಿನ ಕೆಲಸ. ಪ್ರಧಾನ ಕಚೇರಿ ಒಪ್ಪಿದ್ದೆಲ್ಲವೂ ಮಳಿಗೆಯಲ್ಲಿ ನಡೆಯುತ್ತದೆಂದು ಭಾವಿಸಬಾರದು. ಬೆಲೆಚೀಟಿ ಇರುವುದಿಲ್ಲ, ಮಾಲು ಹಿಂದಿನ ಕೋಣೆಯಲ್ಲಿದ್ದು ಶೆಲ್ಫು ಬರಿದಾಗಿರುತ್ತದೆ, ಎದುರಾಳಿಯ ಡಬ್ಬಿ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಇವನ್ನು ಸರಿಪಡಿಸಲು ಮಳಿಗೆಯಿಂದ ಮಳಿಗೆಗೆ ಸುತ್ತುವ ಸಿಬ್ಬಂದಿ ಬೇಕು. ಒಬ್ಬ ಸಣ್ಣ ತಯಾರಕನು ಒಂದೇ ಸಾಸಿಗಾಗಿ ಒಬ್ಬನನ್ನು ಸಾವಿರ ಮಳಿಗೆಗಳಿಗೆ ಕಳುಹಿಸಲಾರ. ಅದೇ ವ್ಯಕ್ತಿ ಇಪ್ಪತ್ತು ತಯಾರಕರ ಸರಕನ್ನು ಒಂದೇ ಭೇಟಿಯಲ್ಲಿ ನೋಡಿಕೊಂಡರೆ ಭೇಟಿಯ ಖರ್ಚು ಇಪ್ಪತ್ತು ಪಾಲಾಗುತ್ತದೆ. ಹೊರಗುತ್ತಿಗೆಯ ಆರ್ಥಿಕ ತರ್ಕವೆಲ್ಲ ಈ ಒಂದು ಭಾಗಾಕಾರದಲ್ಲಿದೆ.

ಮೂರನೆಯದು ಹೆಚ್ಚು ಜನರ ಕಣ್ಣಿಗೆ ಬೀಳದ ಕಚೇರಿ ಕೆಲಸ. ಆರ್ಡರುಗಳನ್ನು ದಾಖಲಿಸುವುದು, ಬೆಲೆ ಬದಲಾವಣೆಗಳನ್ನು ತಿಳಿಸುವುದು ಮತ್ತು ಸರಪಳಿ ಮಳಿಗೆಗಳು ಬಿಲ್ಲಿನಿಂದ ಕಡಿತ ಮಾಡಿಕೊಂಡ ಮೊತ್ತಗಳನ್ನು ತಾಳೆ ನೋಡುವುದು. ಒಡೆದ ಮಾಲು, ಕಡಮೆ ಬಂದ ಮಾಲು, ರಿಯಾಯಿತಿ ಯೋಜನೆಯ ಪಾಲು ಎಂದು ದೊಡ್ಡ ಗಿರಾಕಿಗಳು ಬಿಲ್ಲಿನ ಹಣದಲ್ಲಿ ಹಿಡಿದುಕೊಳ್ಳುವುದು ನಮ್ಮ ಸರಬರಾಜುದಾರರಿಗೂ ಹೊಸತಲ್ಲ. ಮಾರಾಟಗಾರನು ಮಾತು ಕೊಟ್ಟದ್ದನ್ನು ಕಚೇರಿಗೆ ತಿಳಿಸದಿದ್ದರೆ, ಅಥವಾ ಮಳಿಗೆಯಲ್ಲಿ ಕಂಡದ್ದನ್ನು ಸುತ್ತುವ ಸಿಬ್ಬಂದಿ ಮಾರಾಟಗಾರನಿಗೆ ತಿಳಿಸದಿದ್ದರೆ, ತಯಾರಕನ ಲಾಭ ಇಲ್ಲಿಯೇ ಸೋರಿಹೋಗುತ್ತದೆ. ತಂಡದ ಒಗ್ಗಟ್ಟು ಎಂಬುದು ಇಲ್ಲಿ ಸಭೆಗಳಲ್ಲಿ ಹೇಳುವ ಅಲಂಕಾರದ ಮಾತಲ್ಲ. ಮೂರು ಕಡೆ ಕುಳಿತವರ ದಾಖಲೆಗಳು ಪರಸ್ಪರ ತಾಳೆಯಾಗುವುದೇ ಒಗ್ಗಟ್ಟು.

ಇಪ್ಪತ್ತು ಪೈಸೆಯ ಲೆಕ್ಕ

ಕಮಿಷನ್ ಸಂಸ್ಥೆಯ ಲಾಭನಷ್ಟ ಎಷ್ಟು ಸೂಕ್ಷ್ಮವೆಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ಸಂಸ್ಥೆಯೊಂದು ವರ್ಷಕ್ಕೆ 2,500 ಕೋಟಿ ರೂಪಾಯಿ ಮೌಲ್ಯದ ಸರಕನ್ನು ಶೇಕಡಾ 4ರ ಕಮಿಷನ್ನಿಗೆ ಮಾರಿಸಿಕೊಡುತ್ತದೆ ಎಂದಿಟ್ಟುಕೊಳ್ಳೋಣ. ಕಮಿಷನ್ 100 ಕೋಟಿ. ಸಂಬಳ, ಪ್ರಯಾಣ, ಕಚೇರಿ ಎಲ್ಲ ಸೇರಿ 85 ಕೋಟಿ ಖರ್ಚು. ಬಡ್ಡಿ, ಸವಕಳಿ ಮತ್ತು ತೆರಿಗೆಗೆ ಮುಂಚಿನ ಲಾಭ 15 ಕೋಟಿ. ಈಗ ತಯಾರಕರು ಕಮಿಷನ್ನನ್ನು ಶೇಕಡಾ 3.8ಕ್ಕೆ ಇಳಿಸುತ್ತಾರೆ; ನೂರು ರೂಪಾಯಿಯ ಮಾರಾಟಕ್ಕೆ ಕೇವಲ ಇಪ್ಪತ್ತು ಪೈಸೆಯ ಕಡಿತ. ಕಮಿಷನ್ 95 ಕೋಟಿಯಾಗುತ್ತದೆ. ಸರಕೂ ಅಷ್ಟೇ, ಮಳಿಗೆಗಳೂ ಅಷ್ಟೇ, ಆದ್ದರಿಂದ ಸಿಬ್ಬಂದಿಯೂ ಅಷ್ಟೇ, ಖರ್ಚು ಇಳಿಯುವುದಿಲ್ಲ. ಲಾಭ 10 ಕೋಟಿಗೆ ಕುಸಿಯುತ್ತದೆ. ಇಪ್ಪತ್ತು ಪೈಸೆ ಮೂರನೆಯ ಒಂದು ಪಾಲು ಲಾಭವನ್ನು ನುಂಗಿತು.

ಸಾಲವಿಲ್ಲದ ಮಾಲೀಕರಾಗಿದ್ದರೆ ಆ ವರ್ಷ ಕಡಮೆ ಲಾಭಾಂಶದಲ್ಲಿ ತೃಪ್ತಿಪಟ್ಟು ಮುಂದಿನ ದಾರಿಯನ್ನು ಯೋಚಿಸುತ್ತಿದ್ದರು. ಆದರೆ ಅದೇ ಸಂಸ್ಥೆಯನ್ನು ಯಾರೋ ಹೂಡಿಕೆದಾರರು ಅದರ ವಾರ್ಷಿಕ ಲಾಭದ ಏಳು ಪಟ್ಟು ಸಾಲ ಎತ್ತಿ ಕೊಂಡಿದ್ದಾರೆ, ಆ ಸಾಲ ಸಂಸ್ಥೆಯ ಮೇಲೆಯೇ ಇದೆ ಎಂದುಕೊಳ್ಳೋಣ. ಸಾಲ 105 ಕೋಟಿ. ಶೇಕಡಾ 8ರಂತೆ ಬಡ್ಡಿ 8 ಕೋಟಿ 40 ಲಕ್ಷ. ಉಳಿಯುವುದು 1 ಕೋಟಿ 60 ಲಕ್ಷ. ಅಸಲು ತೀರಿಸುವುದು ಹಾಗಿರಲಿ, ಹೊಸ ಕಂಪ್ಯೂಟರ್ ವ್ಯವಸ್ಥೆಗೂ ಹಣ ಸಾಲದು. ಅಡವಿಡಲು ಕಟ್ಟಡವಿಲ್ಲ, ಯಂತ್ರವಿಲ್ಲ, ದಾಸ್ತಾನಿಲ್ಲ. ಕಡಿಮೆ ಮಾಡಬಹುದಾದ ಖರ್ಚೆಂದರೆ ಸಂಬಳ ಒಂದೇ. ಆದರೆ ಸಂಸ್ಥೆ ಮಾರುತ್ತಿರುವುದು ಆ ಸಂಬಳದವರ ದುಡಿಮೆಯನ್ನೇ.

ಮಾಲೀಕರು ಬದಲಾದ ಕಥೆ

ಅಕೋಸ್ಟಾದಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ. ಸಂಸ್ಥೆಯ ಯಶಸ್ಸು ಖಾಸಗಿ ಹೂಡಿಕೆ ನಿಧಿಗಳ ಗಮನ ಸೆಳೆಯಿತು. ಬಂಡವಾಳ ಹೆಚ್ಚು ಬೇಡದ, ಪ್ರತಿ ತಿಂಗಳೂ ಕಮಿಷನ್ ಬರುವ ವ್ಯವಹಾರವೆಂದರೆ ಸಾಲದ ಮೂಲಕ ಕೊಳ್ಳುವವರಿಗೆ ಪ್ರಿಯವಾದುದು. 2006ರಲ್ಲಿ ಎಇಎ ಇನ್ವೆಸ್ಟರ್ಸ್, 2011ರಲ್ಲಿ ಥಾಮಸ್ ಎಚ್. ಲೀ ಪಾರ್ಟ್‌ನರ್ಸ್, 2014ರಲ್ಲಿ ಕಾರ್ಲೈಲ್ ಹೀಗೆ ಎಂಟು ವರ್ಷಗಳಲ್ಲಿ ಮೂರು ನಿಧಿಗಳು ಸಂಸ್ಥೆಯನ್ನು ಕೊಂಡವು. ಕಾರ್ಲೈಲ್ ಕೊಟ್ಟ ಬೆಲೆ 475 ಕೋಟಿ ಡಾಲರ್ ಎಂದು ವರದಿಯಾಯಿತು; ಅದರ ದೊಡ್ಡ ಪಾಲು ಸಾಲವಾಗಿತ್ತು. ಸಂಸ್ಥೆ ಕೈಬದಲಾದಂತೆಲ್ಲ ಬೆಲೆ ಏರಿತು. ಅದು ಮಾಡುತ್ತಿದ್ದ ಕೆಲಸ ಮಾತ್ರ ಮೂಲತಃ ಹಿಂದಿನದೇ.

ಆ ಬೆಲೆ ತೆತ್ತ ಕೂಡಲೇ ಮಾರುಕಟ್ಟೆ ತಿರುಗಿತು. ಅಮೆರಿಕದ ಗ್ರಾಹಕರು ಹಳೆಯ ದೊಡ್ಡ ಬ್ರಾಂಡುಗಳನ್ನು ಬಿಟ್ಟು ಸಣ್ಣ ಹೊಸ ಬ್ರಾಂಡುಗಳ ಕಡೆಗೂ, ಅಂಗಡಿಯ ಸ್ವಂತ ಬ್ರಾಂಡಿನ ಸರಕನ್ನೇ ಹೆಚ್ಚಾಗಿ ಮಾರುವ ಆಲ್ಡಿಯಂತಹ ಅಗ್ಗದ ಮಳಿಗೆಗಳ ಕಡೆಗೂ ವಾಲಿದರು. 2017ರಲ್ಲಿ ಅಮೆಜಾನ್ ಕಂಪನಿಯು ಹೋಲ್ ಫುಡ್ಸ್ ಸರಪಳಿಯನ್ನು 1,370 ಕೋಟಿ ಡಾಲರಿಗೆ ಕೊಂಡಿತು. ದೊಡ್ಡ ಆಹಾರ ಕಂಪನಿಗಳಲ್ಲಿ ಖರ್ಚು ಕಡಿತದ ಅಲೆ ಎದ್ದಿತು. 2015ರಲ್ಲಿ ರೂಪುಗೊಂಡ ಕ್ರಾಫ್ಟ್ ಹೈನ್ಜ್ ಕಂಪನಿಯು ಪ್ರತಿಯೊಂದು ಖರ್ಚನ್ನೂ ಸೊನ್ನೆಯಿಂದ ಸಮರ್ಥಿಸಬೇಕೆಂಬ ಪದ್ಧತಿಗೆ ಹೆಸರಾಗಿತ್ತು. ಅದೇ ಕಂಪನಿ 2019ರ ಫೆಬ್ರವರಿಯಲ್ಲಿ ತನ್ನ ಬ್ರಾಂಡುಗಳ ಹಾಗೂ ಸುನಾಮದ ಮೌಲ್ಯದಿಂದ 1,540 ಕೋಟಿ ಡಾಲರನ್ನು ಅಳಿಸಿಹಾಕಬೇಕಾಯಿತು. ಮಾಲೀಕನ ವ್ಯಾಪಾರ ಕುಗ್ಗಿದಾಗ ದಲ್ಲಾಳಿಯ ಕಮಿಷನ್ ಎರಡು ಬಗೆಯಲ್ಲಿ ಕುಗ್ಗುತ್ತದೆ. ಮಾರಾಟ ಕಡಮೆಯಾದ್ದರಿಂದ ಒಮ್ಮೆ, ಖರ್ಚು ಉಳಿಸಲು ಮಾಲೀಕನು ದರವನ್ನು ಇಳಿಸುವುದರಿಂದ ಮತ್ತೊಮ್ಮೆ.

2019ರ ಡಿಸೆಂಬರ್ 1ರಂದು ಅಕೋಸ್ಟಾ ಡೆಲವೇರ್‌ನ ದಿವಾಳಿ ನ್ಯಾಯಾಲಯದಲ್ಲಿ ಪುನರ್ರಚನೆಗಾಗಿ ಅರ್ಜಿ ಸಲ್ಲಿಸಿತು. ಸಾಲಗಾರರೊಡನೆ ಮೊದಲೇ ಒಪ್ಪಂದ ಮಾಡಿಕೊಂಡು ಬಂದುದರಿಂದ ಪ್ರಕ್ರಿಯೆ ಆ ತಿಂಗಳಲ್ಲೇ ಮುಗಿಯಿತು. ಸುಮಾರು 300 ಕೋಟಿ ಡಾಲರಿನಷ್ಟು ಸಾಲ ಅಳಿಸಿಹೋಯಿತು. ಕಾರ್ಲೈಲ್ ಹೂಡಿದ್ದ ಷೇರು ಬಂಡವಾಳವೂ ಹೋಯಿತು. ಎಲಿಯಟ್, ಡೇವಿಡ್‌ಸನ್ ಕೆಂಪ್ನರ್, ಓಕ್‌ಟ್ರೀ ಮೊದಲಾದ ಸಾಲ ಕೊಟ್ಟವರು ಮಾಲೀಕರಾದರು. ಈ ಅವಧಿಯಲ್ಲಿ ಸಿಬ್ಬಂದಿಗೆ ಸಂಬಳವೂ ಸರಬರಾಜುದಾರರಿಗೆ ಹಣವೂ ನಿಲ್ಲಲಿಲ್ಲ. ಮಳಿಗೆಗಳನ್ನು ಸುತ್ತುವವರು ಎಂದಿನಂತೆ ಸುತ್ತುತ್ತಿದ್ದರು. ವ್ಯಾಪಾರ ಲಾಭದಲ್ಲಿಯೇ ಇದ್ದು, ಬಂಡವಾಳದ ರಚನೆ ಮಾತ್ರ ಕುಸಿದ ಪ್ರಕರಣವಿದು. ಸಂಸ್ಥೆಯ ಮಾರಾಟಗಾರರು ಸೋತರೆಂದು ಕೆಲವರು ಬರೆದದ್ದುಂಟು; ಲೆಕ್ಕಪತ್ರಗಳನ್ನು ಓದಬಲ್ಲವರು ಹಾಗೆ ಹೇಳುವುದು ಕಷ್ಟ.

ಭಾರ ಇಳಿದ ನಂತರ ಸಂಸ್ಥೆಯು ತನ್ನ ಹಳೆಯ ದಾರಿಗೆ ಮರಳಿತು. ಸಣ್ಣ ಹೊಸ ಬ್ರಾಂಡುಗಳಿಗೂ ಆನ್‌ಲೈನ್ ಮಾರಾಟಕ್ಕೂ ಬೇಕಾದ ಸೇವೆಗಳನ್ನು ಅದು ವಿಸ್ತರಿಸಿಕೊಂಡಿತು. ಕಳೆದ ದಶಕದಲ್ಲಿ ಅದರ ಗಿರಾಕಿಗಳನ್ನು ನಡುಗಿಸಿದ್ದ ಸಣ್ಣ ತಯಾರಕರಿಗೆ ಸ್ವಂತ ಮಾರಾಟ ಪಡೆ ಇಲ್ಲದಿದ್ದುದರಿಂದ ಅವರೇ ಸಂಸ್ಥೆಯ ಹೊಸ ಗಿರಾಕಿಗಳಾಗುವ ಸಾಧ್ಯತೆಯಿತ್ತು. 2024ರ ಆರಂಭದಲ್ಲಿ ಮೂವರು ದೊಡ್ಡ ಸ್ಪರ್ಧಿಗಳ ಪೈಕಿ ಒಂದಾಗಿದ್ದ ಕ್ರಾಸ್‌ಮಾರ್ಕನ್ನು ಅಕೋಸ್ಟಾ ತನ್ನದಾಗಿಸಿಕೊಂಡಿತು. ಎದುರಾಳಿ ತಯಾರಕರು ಎದುರಾಳಿ ದಲ್ಲಾಳಿಯನ್ನು ಬಯಸುವ ಈ ವೃತ್ತಿಯಲ್ಲಿ ಮೂರು ದೊಡ್ಡ ಸಂಸ್ಥೆಗಳು ಹೀಗೆ ಎರಡಾದವು. ಒಂದೇ ಸೂರಿನಡಿ ಬಂದ ಸ್ಪರ್ಧಿ ಸರಕುಗಳಿಗೆ ಬೇರೆಬೇರೆ ತಂಡಗಳನ್ನೂ ಅವುಗಳ ನಡುವೆ ಮಾಹಿತಿ ಸೋರದಂತೆ ಪ್ರತ್ಯೇಕ ದಾಖಲೆಗಳನ್ನೂ ಇಡಬೇಕಾದ ಹೊಣೆ, 1990ರ ದಶಕದ ವಿಲೀನಗಳ ಕಾಲಕ್ಕಿಂತಲೂ ಈಗ ಹೆಚ್ಚು.